ವಿಲಿಯಮ್ ಕೇರಿಯವರ ಚರಿತ್ರೆ: ನಿಜವಾದ ಜಯವು ಯಾವುದು?

ಸುಗ್ಗಿಯು ಮುಗಿದು ಕಣದ ಕಾಳು ಮನೆಗೆ ಬಂದ ಮೇಲೆ ನಮ್ಮ ಸಭೆಗಳಲ್ಲಿ ಸ್ತೋತ್ರಾರಾಧನೆಯು ನಡೆಯುವುದಷ್ಟೆ. ಆ ದಿನ ಆರಾಧನೆ ತೀರಿ ಜನರು ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವಾಗ, ಈ ವರುಷ ಯಾರು ಮುಂದಕ್ಕೆ ಬಂದರು, ಯಾರು ಹಿಂದಕ್ಕೆ ಬಿದ್ದರು ಎಂಬ ಲೆಕ್ಕವು ತಾನಾಗಿಯೇ ಹೊರಡುತ್ತದೆ. ಹೆಂಚಿನ ಮನೆ ಕಟ್ಟಿಸಿದವನೂ, ಮಗನಿಗೆ ಪಟ್ಟಣದಲ್ಲಿ ಉದ್ಯೋಗ ದೊರಕಿದವನೂ, ಸಾಲವಿಲ್ಲದೆ ಮಗಳ ಮದುವೆ ಮಾಡಿದವನೂ ಗೆದ್ದವರು. ಮಳೆ ತಪ್ಪಿ ಬೆಳೆ ಹಾಳಾದವನೂ, ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗದವನೂ ಸೋತವರು. ಲೋಕದ ಅಳತೆಗೋಲು ಇದೇ. ಈ ಕೋಲನ್ನು ನಾವು ಮನೆಮಾರುಗಳಿಗೆ ಮಾತ್ರವಲ್ಲದೆ ದೇವರ ಕೆಲಸಕ್ಕೂ ಹಿಡಿಯುತ್ತೇವಲ್ಲಾ, ಅದೇ ವ್ಯಸನದ ಸಂಗತಿ.

ನಾವು ಉಪದೇಶಿಯಾಗಿ ನೇಮಕವಾದ ಮೊದಲಿನ ವರುಷಗಳಲ್ಲಿ ಒಂದು ಸಣ್ಣ ಹಳ್ಳಿಯಲ್ಲಿದ್ದೆವು. ವರ್ಷಾಂತ್ಯದಲ್ಲಿ ವರದಿಯ ಕಾಗದವನ್ನು ತುಂಬಿಸುವಾಗ, ಹೊಸದಾಗಿ ದೀಕ್ಷಾಸ್ನಾನ ಹೊಂದಿದವರೆಷ್ಟು ಎಂಬ ಕಡೆಯಲ್ಲಿ ಮೂರು ವರುಷ ಸೊನ್ನೆಯನ್ನೇ ಬರೆದೆವು. ಮೂರನೆಯ ವರುಷ ಸಭೆಯ ಹಿರಿಯರೊಬ್ಬರು, ನಮ್ಮನ್ನು ನೋಯಿಸಬೇಕೆಂದಲ್ಲ, ಮರುಕದಿಂದಲೇ, ಅಯ್ಯನವರ ಕೆಲಸವು ಈ ಊರಿನಲ್ಲಿ ಸಾಗಲಿಲ್ಲವಲ್ಲಾ ಎಂದು ಹೇಳಿದರು. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಆಗ ನಾವು ಸೆಮಿನರಿಯಲ್ಲಿ ಕಲಿತಿದ್ದ ವಿಲಿಯಮ್ ಕೇರಿಯವರ ಚರಿತ್ರೆಯನ್ನು ಪೆಟ್ಟಿಗೆಯಿಂದ ತೆಗೆದು ದೀಪದ ಬಳಿಯಲ್ಲಿ ತಿರುಗಿ ಓದಿದೆವು. ಅದರಿಂದ ನಮಗೆ ದೊರೆತದ್ದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇವೆ.

ಕೇರಿಯವರು ಇಂಗ್ಲೆಂಡ್ ದೇಶದ ನಾರ್ಥ್ಯಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ 1761ನೆಯ ಇಸವಿ ಆಗಸ್ಟ್ 17ರಂದು ಹುಟ್ಟಿದರು. ತಂದೆಯು ನೇಕಾರನಾಗಿದ್ದು ಆ ಮೇಲೆ ಊರ ಶಾಲೆಯ ಉಪಾಧ್ಯಾಯನಾದನು. ಮನೆಯಲ್ಲಿ ಬಡತನವಿತ್ತು. ಹುಡುಗನಿಗೆ ಚರ್ಮದ ವ್ಯಾಧಿಯಿದ್ದುದರಿಂದ ಬಿಸಿಲಿನಲ್ಲಿ ಹೊಲಗೆಲಸ ಮಾಡಲಾಗದೆ, ಜೋಡು ಹೊಲಿಯುವ ಕಸುಬನ್ನು ಕಲಿಯಲು ಒಬ್ಬ ಯಜಮಾನನ ಬಳಿ ಇಡಲ್ಪಟ್ಟನು. ಹೀಗೆ ಮುಂದೆ ಅನೇಕ ಭಾಷೆಗಳ ಪಂಡಿತನಾಗಬೇಕಾದ ಕೈಯಲ್ಲಿ ಮೊದಲು ಇದ್ದದ್ದು ದಬ್ಬಳವೂ ತೊಗಲೂ ದಾರವೂ.

ಈ ಬಾಲಕನು ಹುಟ್ಟುತ್ತಲೇ ಭಕ್ತನಾಗಿದ್ದನೆಂದು ತಿಳಿಯಬಾರದು. ಒಂದು ಕ್ರಿಸ್ಮಸ್ ಕಾಲದಲ್ಲಿ ವ್ಯಾಪಾರಿಯೊಬ್ಬನು ಅವನಿಗೆ ಒಂದು ಶಿಲ್ಲಿಂಗನ್ನು ಇನಾಮು ಕೊಟ್ಟನು. ತರುವಾಯ ನೋಡಿದರೆ ಅದು ಖೋಟಾ ನಾಣ್ಯ. ಹುಡುಗನು ಯಜಮಾನನ ಹಣದೊಳಗಿನ ಒಳ್ಳೇ ಶಿಲ್ಲಿಂಗನ್ನು ತನಗಾಗಿ ಉಪಯೋಗಿಸಿ, ಖೋಟಾ ನಾಣ್ಯವು ಯಜಮಾನನದೇ ಎಂದು ಸುಳ್ಳು ಹೇಳಲು ನಿಶ್ಚಯಿಸಿದನು. ಈ ಸುಳ್ಳು ಹೊರಬೀಳದಿದ್ದರೆ ಇನ್ನು ಮುಂದೆ ಪಾಪವನ್ನು ಬಿಟ್ಟುಬಿಡುವೆನೆಂದು ದಾರಿಯಲ್ಲಿ ದೇವರಿಗೆ ಮೊರೆಯನ್ನೂ ಇಟ್ಟನು. ದೇವರು ಆ ಮೊರೆಯನ್ನು ಕೇಳಲಿಲ್ಲ. ಮೋಸವು ಬೈಲಾಯಿತು. ನಾಚಿಕೆಯಿಂದ ಅವನು ಬೀದಿಯಲ್ಲಿ ತಲೆಯೆತ್ತದಂತಾದನು. ಆದರೆ ಆ ಸೋಲಿನಲ್ಲಿಯೇ ತನ್ನ ಹೃದಯವು ಎಂಥದೆಂಬುದನ್ನು ಅವನು ಕಂಡನು. ಜೊತೆಯಲ್ಲಿ ಕಸುಬು ಕಲಿಯುತ್ತಿದ್ದ ಜಾನ್ ವಾರ್ ಎಂಬ ಯುವಕನ ಮಾತುಗಳಿಂದಲೂ ಪ್ರಾರ್ಥನೆಗಳಿಂದಲೂ ಕ್ರಮೇಣ ರಕ್ಷಕನ ಬಳಿಗೆ ಬಂದನು. ಸುಳ್ಳು ದಕ್ಕಿದ್ದರೆ ಅದು ಲೋಕದ ಕಣ್ಣಿಗೆ ಗೆಲವಾಗಿತ್ತು. ಆತ್ಮಕ್ಕೆ ಮಾತ್ರ ಮಹಾ ನಷ್ಟವಾಗುತ್ತಿತ್ತು.

1781ರಲ್ಲಿ ಕೇರಿಯವರು ಡಾರತಿ ಎಂಬಾಕೆಯನ್ನು ಮದುವೆಯಾದರು. ಆಕೆಗೆ ಓದುಬರಹ ಬಾರದು. ಅವರ ಚೊಚ್ಚಲ ಮಗಳು ಎರಡು ವರುಷದವಳಾಗಿ ಜ್ವರದಿಂದ ತೀರಿಕೊಂಡಳು. ಸಂಪಾದನೆಯು ಹೊಟ್ಟೆಗೆ ಸಾಲದು. ಕೇರಿಯವರು ಹಗಲೆಲ್ಲಾ ಜೋಡು ಹೊಲಿದು, ಮಕ್ಕಳಿಗೆ ಪಾಠ ಹೇಳಿ, ಭಾನುವಾರಗಳಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದರಲ್ಲಿ ಬೋಧಿಸುತ್ತಿದ್ದರು. ಇದರ ನಡುವೆ ಲ್ಯಾಟಿನ್, ಗ್ರೀಕ್, ಇಬ್ರಿಯ ಮೊದಲಾದ ಭಾಷೆಗಳನ್ನು ಸ್ವಂತ ಪ್ರಯತ್ನದಿಂದಲೇ ಕಲಿತರು. ಕೆಲಸದ ಕೋಣೆಯ ಗೋಡೆಗೆ ಭೂಪಟವೊಂದನ್ನು ಅಂಟಿಸಿ, ಒಂದೊಂದು ದೇಶದ ಜನಸಂಖ್ಯೆ, ಮತ, ಸ್ಥಿತಿಗತಿಗಳನ್ನು ಅದರ ಮೇಲೆ ಬರೆದುಕೊಂಡಿದ್ದರು. ಸುವಾರ್ತೆಯನ್ನು ಕೇಳದ ಜನಾಂಗಗಳ ಚಿಂತೆಯು ಅವರನ್ನು ಬಿಡಲಿಲ್ಲ. 1792ರಲ್ಲಿ ಈ ವಿಷಯವಾಗಿ ಒಂದು ಸಣ್ಣ ಪುಸ್ತಕವನ್ನು ಅಚ್ಚುಮಾಡಿಸಿದರು. ಅದೇ ವರುಷದ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಕೂಡಿದ ಬೋಧಕರಿಗೆ, ಯೆಶಾಯನ ಪ್ರವಾದನೆಯಲ್ಲಿನ ಗುಡಾರವನ್ನು ವಿಸ್ತರಿಸುವ ಮಾತಿನ ಮೇಲೆ ಪ್ರಸಂಗ ಮಾಡಿದರು. ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಸೇರಿ ಮಿಷನ್ ಸಂಘವನ್ನು ಸ್ಥಾಪಿಸಿದರು. ಆ ದಿನ ಅವರು ಕೊಡುವೆವೆಂದು ಬರೆದ ಹಣವು 13 ಪೌಂಡು 2 ಶಿಲ್ಲಿಂಗು 6 ಪೆನ್ನಿ ಮಾತ್ರ. ಲೋಕವನ್ನು ಗೆಲ್ಲಲು ಹೊರಟವರ ಬೊಕ್ಕಸವು ಅಷ್ಟೇ ಆಗಿತ್ತು.

1793ರ ಜೂನ್ ತಿಂಗಳಲ್ಲಿ ಕೇರಿಯವರು ಹೆಂಡತಿ ಮಕ್ಕಳ ಸಮೇತ ಡೆನ್ಮಾರ್ಕಿನ ಹಡಗೊಂದನ್ನು ಹತ್ತಿದರು. ಅವರ ಜೊತೆಯಲ್ಲಿ ಜಾನ್ ಥಾಮಸ್ ಎಂಬ ವೈದ್ಯರಿದ್ದರು. ಡಾರತಿಯಮ್ಮನವರು ಮೊದಲು ಬರುವುದಿಲ್ಲವೆಂದೇ ಹೇಳಿದ್ದರು. ಮಡಿಲಲ್ಲಿ ಎಳೆಗೂಸು, ಮುಂದೆ ಕಾಣದ ದೇಶ. ಕಡೆಗೆ ತಂಗಿಯೂ ಜೊತೆಗೆ ಬರುವುದಾದರೆ ಹೊರಡುವೆನೆಂದು ಒಪ್ಪಿದರು. ನವಂಬರ್ ತಿಂಗಳಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಆಗ ದೇಶವನ್ನಾಳುತ್ತಿದ್ದ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ಮಿಷನೆರಿಗಳು ಬೇಕಾಗಿರಲಿಲ್ಲ. ಕೈಯಲ್ಲಿದ್ದ ಹಣವು ಬೇಗನೆ ಖರ್ಚಾಯಿತು. ಕುಟುಂಬವು ಸುಂದರಬನದ ಕಾಡಿನ ಅಂಚಿಗೆ ಹೋಗಿ ಕೆಲವು ಕಾಲ ಕಷ್ಟಪಟ್ಟಿತು. 1794ರಲ್ಲಿ ಮಾಲ್ದಾ ಸೀಮೆಯ ಮುದ್ನಾಬಾಟಿಯಲ್ಲಿ ನೀಲಿಯ ಕಾರ್ಖಾನೆಯೊಂದರ ಮೇಲ್ವಿಚಾರಣೆಯು ದೊರೆತದ್ದರಿಂದ ಊಟಕ್ಕೆ ದಾರಿಯಾಯಿತು.

ಅದೇ ವರುಷ ಐದು ವರುಷದ ಮಗ ಪೀಟರನು ರಕ್ತಭೇದಿಯಿಂದ ಸತ್ತನು. ಗುಂಡಿ ತೋಡುವುದಕ್ಕೂ ಹೊರುವುದಕ್ಕೂ ಜನರು ಸಿಕ್ಕುವುದೇ ದುರ್ಲಭವಾಯಿತು. ಅನ್ಯರ ಹೆಣವನ್ನು ಮುಟ್ಟಿದರೆ ಕುಲ ಕೆಡುವುದೆಂಬ ಭಯ. ತಂದೆಯೂ ಆಗ ಜ್ವರದಿಂದ ಎದ್ದವರಾಗಿರಲಿಲ್ಲ. ಈ ದುಃಖದ ತರುವಾಯ ಡಾರತಿಯಮ್ಮನವರ ಬುದ್ಧಿಯು ಕಲಕಿಹೋಯಿತು. ಗಂಡನ ಮೇಲೆ ಇಲ್ಲದ ಅಪವಾದಗಳನ್ನು ಹೊರಿಸಿ ಕೂಗಾಡುವರು. ಕೆಲವು ವೇಳೆ ಅವರನ್ನು ಕೋಣೆಯಲ್ಲಿಯೇ ಇರಿಸಬೇಕಾಗುತ್ತಿತ್ತು. ಈ ವ್ಯಾಧಿಯು 1807ರಲ್ಲಿ ಅವರು ತೀರಿಕೊಳ್ಳುವ ವರೆಗೂ ವಾಸಿಯಾಗಲಿಲ್ಲ. ಪಕ್ಕದ ಕೋಣೆಯಿಂದ ಆ ಕೂಗು ಕೇಳುತ್ತಿರಲಾಗಿ ಕೇರಿಯವರು ಮೇಜಿನ ಮುಂದೆ ಕುಳಿತು ವೇದವನ್ನು ಬಂಗಾಳಿಗೆ ತಿರುಗಿಸುತ್ತಿದ್ದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಭಕ್ತರ ಚರಿತ್ರೆಗಳನ್ನು ಬರೆಯುವವರು ಈ ಭಾಗವನ್ನು ಒಂದೆರಡು ಸಾಲುಗಳಲ್ಲಿ ದಾಟಿಬಿಡುವುದುಂಟು. ಹಾಗೆ ದಾಟುವುದು ನ್ಯಾಯವಲ್ಲ. ಮನಸ್ಸಿಲ್ಲದೆ ಹಡಗು ಹತ್ತಿದ ಆ ತಾಯಿಯು ತನ್ನ ಮಗುವನ್ನೂ ಬುದ್ಧಿಯನ್ನೂ ಈ ದೇಶದಲ್ಲಿ ಕಳೆದುಕೊಂಡಳು. ಕೇರಿಯವರ ಕೆಲಸವನ್ನು ಹೊಗಳುವವರು ಆಕೆಯ ಕಣ್ಣೀರನ್ನೂ ನೆನಪಿಡಬೇಕು. ಸಭೆಯ ಕೆಲಸವೆಂದು ಹಗಲಿರುಳು ಹೊರಗೆ ತಿರುಗುತ್ತಾ ಮನೆಯಾಕೆಯ ಮಾತನ್ನು ಕೇಳದಿರುವ ನಮ್ಮಂಥ ಉಪದೇಶಿಗಳಿಗೂ ಹಿರಿಯರಿಗೂ ಇದು ಎಚ್ಚರಿಕೆಯಾಗಿರಲಿ. ದೊಡ್ಡವರ ಜೀವಿತದಲ್ಲಿಯೂ ಲೆಕ್ಕ ಕೂಡದ ಸಾಲುಗಳಿವೆ. ಅವುಗಳನ್ನು ಕ್ಷಮಿಸತಕ್ಕವನೂ ಸರಿಪಡಿಸತಕ್ಕವನೂ ಕರ್ತನೊಬ್ಬನೇ.

ಇತ್ತ ಮುದ್ನಾಬಾಟಿಯಲ್ಲಿ ಒಂದು ವರುಷವಲ್ಲ, ಎರಡು ವರುಷವಲ್ಲ, ಈ ದೇಶಕ್ಕೆ ಬಂದಂದಿನಿಂದ ಏಳು ವರುಷ ಕಳೆದರೂ ಬಂಗಾಳದವರಲ್ಲಿ ಒಬ್ಬನಾದರೂ ಕೇರಿಯವರಿಂದ ದೀಕ್ಷಾಸ್ನಾನ ಹೊಂದಲಿಲ್ಲ. ಅವರು ಹಳ್ಳಿಯಿಂದ ಹಳ್ಳಿಗೆ ನಡೆದರು, ಶಾಲೆಯನ್ನು ತೆರೆದರು, ಭಾಷೆಯನ್ನು ಕಲಿತರು, ಹೊಸ ಒಡಂಬಡಿಕೆಯನ್ನು ತರ್ಜುಮೆ ಮಾಡಿದರು. ವರದಿಯ ಕಾಗದದಲ್ಲಿ ಮಾತ್ರ ಸೊನ್ನೆ. ನೀಲಿಯ ಕಾರ್ಖಾನೆಯೂ ನೆರೆ ಬರಗಳಿಂದ ನಷ್ಟಕ್ಕೆ ಬಂದಿತು. 1800ನೆಯ ಇಸವಿ ಜನವರಿ 10ರಂದು ಅವರು ಹೂಗ್ಲಿ ನದಿಯ ದಡದಲ್ಲಿ ಡೆನ್ಮಾರ್ಕಿನ ಅರಸನ ಅಧೀನದಲ್ಲಿದ್ದ ಸೆರಾಂಪುರಕ್ಕೆ ಬಂದು, ಶಾಲೆಯ ಕೆಲಸದಲ್ಲಿ ನಿಪುಣರಾದ ಮಾರ್ಷ್‌ಮನ್ನರನ್ನೂ ಅಚ್ಚಿನ ಕೆಲಸ ಬಲ್ಲ ವಾರ್ಡರನ್ನೂ ಕೂಡಿಕೊಂಡರು. ಈ ಮೂವರ ಕುಟುಂಬಗಳು ಒಂದೇ ಪಂಕ್ತಿಯಲ್ಲಿ ಉಂಡವು. ಗಳಿಸಿದ್ದೆಲ್ಲವೂ ಒಂದೇ ಪೆಟ್ಟಿಗೆಗೆ ಬಿದ್ದಿತು.

ಆ ವರುಷದ ಕೊನೆಯಲ್ಲಿ ಕೃಷ್ಣಪಾಲನೆಂಬ ಬಡಗಿಯು ಜಾರಿಬಿದ್ದು ತೋಳಿನ ಕೀಲನ್ನು ತಪ್ಪಿಸಿಕೊಂಡನು. ವೈದ್ಯ ಥಾಮಸರು ಕೀಲನ್ನು ಕೂಡಿಸಿ ಸುವಾರ್ತೆಯನ್ನೂ ಹೇಳಿದರು. ಅವನು ನಂಬಿದನು. ಮಿಷನೆರಿಗಳ ಜೊತೆಯಲ್ಲಿ ಕುಳಿತು ಉಂಡು ತನ್ನ ಜಾತಿಯನ್ನು ಬಿಟ್ಟನು. ಊರಿನಲ್ಲಿ ದೊಡ್ಡ ಗಲಭೆಯೆದ್ದು ಗುಂಪು ಅವನನ್ನು ಅಧಿಕಾರಿಯ ಮುಂದೆ ಎಳೆದುಕೊಂಡು ಹೋಯಿತು. 1800ರ ಡಿಸೆಂಬರ್ 28ರಂದು ಕೇರಿಯವರು ತಮ್ಮ ಮಗ ಫೀಲಿಕ್ಸನಿಗೂ ಕೃಷ್ಣಪಾಲನಿಗೂ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟರು. ಆ ಆನಂದದ ದಿನದಲ್ಲಿಯೂ ವೈದ್ಯ ಥಾಮಸರು ಬಹುಕಾಲದ ನಿರೀಕ್ಷೆಯು ಫಲಿಸಿದ ಉದ್ವೇಗದಿಂದ ಚಿತ್ತ ಕೆಟ್ಟು ಮಲಗಿದ್ದರು. ಡಾರತಿಯಮ್ಮನವರ ಕೂಗೂ ಕೇಳಿಬರುತ್ತಿತ್ತು. ದೇವರ ಜಯವು ತುತೂರಿಯ ಧ್ವನಿಯೊಡನೆ ಬರುವುದೆಂದು ಎಣಿಸುವವರು ಈ ದಿನವನ್ನು ಆಲೋಚಿಸಲಿ.

1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಸರಕಾರದವರು ಕಲ್ಕತ್ತೆಯ ಫೋರ್ಟ್ ವಿಲಿಯಮ್ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಕೇರಿಯವರನ್ನು ಬಂಗಾಳಿಯ ಅಧ್ಯಾಪಕರನ್ನಾಗಿ ನೇಮಿಸಿದರು. ಮುಂದೆ ಅದು 1000 ರೂಪಾಯಿಯಾಯಿತು. ಒಂದು ಕಾಲದಲ್ಲಿ ಜೋಡು ಹೊಲಿದವರು ಈಗ ರಾಜ್ಯವಾಳುವ ಅಧಿಕಾರಿಗಳಿಗೆ ಗುರುವಾದರು. ಆದರೆ ಆ ಸಂಬಳದಲ್ಲಿ ಅಲ್ಪಭಾಗವನ್ನು ಮಾತ್ರ ತಮ್ಮ ಖರ್ಚಿಗೆ ಇಟ್ಟುಕೊಂಡು ಮಿಕ್ಕದ್ದನ್ನೆಲ್ಲಾ ಮಿಷನಿನ ಪೆಟ್ಟಿಗೆಗೆ ಹಾಕುತ್ತಿದ್ದರು.

1812ರ ಮಾರ್ಚ್ 11ರ ಸಾಯಂಕಾಲ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿಗಳೂ, ಅನೇಕ ಭಾಷೆಗಳ ಅಚ್ಚಿನ ಮೊಳೆಗಳೂ, ವರುಷಗಟ್ಟಲೆ ಬರೆದ ಕೈಬರಹಗಳೂ ಸುಟ್ಟುಹೋದವು. ಸುಟ್ಟದ್ದರಲ್ಲಿ ಕೇರಿಯವರು ಸಿದ್ಧಪಡಿಸಿದ್ದ ನಮ್ಮ ಕನ್ನಡ ಹೊಸ ಒಡಂಬಡಿಕೆಯ ಪ್ರತಿಯೂ ಇತ್ತು. ತೆಲುಗು ವ್ಯಾಕರಣವೂ, ಅನೇಕ ಭಾಷೆಗಳ ಮಹಾ ನಿಘಂಟೂ ಇದ್ದವು. ಕೇರಿಯವರು ಕಲ್ಕತ್ತೆಯಿಂದ ಮರುದಿನ ಬಂದು ಬೂದಿಯ ನಡುವೆ ನಿಂತು ಕಣ್ಣೀರಿಟ್ಟರು. ಇದು ತಮ್ಮನ್ನು ತಗ್ಗಿಸಲು ದೇವರು ಅನುಮತಿಸಿದ ಶಿಕ್ಷೆಯೆಂದು ತಿಳಿದು, ಆತನ ಚಿತ್ತಕ್ಕೆ ತಲೆಬಾಗಿದರು. ಮುದ್ರಣ ಯಂತ್ರಗಳು ಉಳಿದಿದ್ದವು. ಕರಗಿದ ಲೋಹವನ್ನು ಕೂಡಿಸಿ ಮೊಳೆಗಳನ್ನು ಹೊಸದಾಗಿ ಎರಕ ಹೊಯ್ದರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ನಡೆಯುವುದು ಸುಲಭವೆಂದುಕೊಂಡು ಕೇರಿಯವರು ಮೊದಲಿನಿಂದ ಬರೆಯಲು ಕುಳಿತರು. ಇಂಗ್ಲೆಂಡಿನ ಸಭೆಗಳು ಕೆಲವೇ ವಾರಗಳಲ್ಲಿ ನಷ್ಟದಷ್ಟು ಹಣವನ್ನು ಕೂಡಿಸಿದವು.

1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವು ಸೆರಾಂಪುರದಲ್ಲಿ ಅಚ್ಚಾಯಿತು. ಕಾಲಕ್ರಮೇಣ ಕನ್ನಡ ಹೊಸ ಒಡಂಬಡಿಕೆಯೂ ಅಲ್ಲಿ ಹೊರಬಂದಿತು. ಆದರೆ ವಾಚಕರೇ, ನಮ್ಮ ಹಿರಿಯರು ಓದಿದ ವೇದವು ಅದಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸರು ಕನ್ನಡಿಗರ ನಡುವೆಯೇ ಇದ್ದು ಮಾಡಿದ ಭಾಷಾಂತರವೇ ಸಭೆಗಳಲ್ಲಿ ನೆಲೆಗೊಂಡು, ಆ ಮೇಲೆ ತಿದ್ದುಪಡಿಗಳನ್ನು ಹೊಂದಿತು. ಒಬ್ಬರು ಒಂದು ಊರಿನಲ್ಲಿ ಕುಳಿತು ಇಷ್ಟೊಂದು ಭಾಷೆಗಳನ್ನು ಕೈಗೆತ್ತಿಕೊಂಡದ್ದರಿಂದ ತಪ್ಪುಗಳು ಸೇರಿದ್ದು ಸಹಜವೇ. ಸೆರಾಂಪುರದಿಂದ ಸುಮಾರು 40 ಭಾಷೆಗಳಲ್ಲಿ ವೇದವು ಪೂರ್ಣವಾಗಿಯೋ ಭಾಗವಾಗಿಯೋ ಹೊರಟಿತು. ಅವುಗಳಲ್ಲಿ ಅನೇಕವನ್ನು ಮುಂದಿನವರು ಬಿಟ್ಟು ಬೇರೆ ಭಾಷಾಂತರಗಳನ್ನು ಮಾಡಿದರು. ಹಾಗಾದರೆ ಕೇರಿಯವರ ಶ್ರಮವು ವ್ಯರ್ಥವೋ? ಹೊಲದಲ್ಲಿ ಮೊದಲು ಮುಳ್ಳನ್ನು ಕಡಿದು ಕಲ್ಲನ್ನು ಆರಿಸಿದವನ ಹೆಸರನ್ನು ಕಣದ ರಾಶಿಯ ಮೇಲೆ ಯಾರೂ ಬರೆಯುವುದಿಲ್ಲ; ಆದರೂ ಅವನಿಲ್ಲದೆ ಬಿತ್ತನೆಯಿಲ್ಲ.

ಅವರು 1818ರಲ್ಲಿ ಜೊತೆಗಾರರೊಡನೆ ಸೆರಾಂಪುರದ ಕಾಲೇಜನ್ನು ಸ್ಥಾಪಿಸಿದರು. 1827ರಲ್ಲಿ ಡೆನ್ಮಾರ್ಕಿನ ಅರಸನು ಅದಕ್ಕೆ ಪದವಿ ಕೊಡುವ ಅಧಿಕಾರವನ್ನು ದಯಪಾಲಿಸಿದನು. ನಮ್ಮ ಮಂಗಳೂರು ಬೆಂಗಳೂರುಗಳ ದೈವಜ್ಞಾನ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಸೆರಾಂಪುರದ ಹೆಸರಿನ ಪದವಿಯನ್ನೇ ಹೊಂದುತ್ತಾರೆ. ಗಂಡನ ಚಿತೆಯಲ್ಲಿ ವಿಧವೆಯನ್ನು ಸುಡುವ ಪದ್ಧತಿಯನ್ನು ಕೇರಿಯವರು ಬಹುಕಾಲ ಖಂಡಿಸಿದ್ದರು. ರಾಜಾ ರಾಮಮೋಹನ ರಾಯರೂ ಇದಕ್ಕಾಗಿ ಹೋರಾಡಿದರು. 1829ರ ಡಿಸೆಂಬರ್ 4ರಂದು ಬೆಂಟಿಂಕ್ ಪ್ರಭುಗಳು ಅದನ್ನು ನಿಷೇಧಿಸಿದರು. ಆ ಕಾನೂನನ್ನು ಬಂಗಾಳಿಗೆ ತಿರುಗಿಸಬೇಕೆಂಬ ಆಜ್ಞೆಯು ಭಾನುವಾರ ಬೆಳಿಗ್ಗೆ ಕೇರಿಯವರ ಕೈಸೇರಿತು. ಒಂದು ದಿನ ತಡವಾದರೂ ಎಷ್ಟು ಪ್ರಾಣಗಳು ಹೋಗುವವೋ ಎಂದು, ಅವರು ಆ ದಿನದ ಪ್ರಸಂಗವನ್ನು ಮತ್ತೊಬ್ಬರಿಗೆ ಒಪ್ಪಿಸಿ, ಸಂಜೆಯೊಳಗೆ ತರ್ಜುಮೆಯನ್ನು ಮುಗಿಸಿದರು.

ಮುಪ್ಪಿನಲ್ಲಿಯೂ ಅವರಿಗೆ ನೆಮ್ಮದಿ ದೊರೆಯಲಿಲ್ಲ. ಇಂಗ್ಲೆಂಡಿನಲ್ಲಿ ತಾವೇ ಹುಟ್ಟಿಸಿದ ಸಂಘದೊಡನೆ ಭಿನ್ನಾಭಿಪ್ರಾಯ ಬಂದು 1827ರಲ್ಲಿ ಸೆರಾಂಪುರವು ಅದರಿಂದ ಬೇರೆಯಾಯಿತು. 1830ರಿಂದ ಕಲ್ಕತ್ತೆಯ ದೊಡ್ಡ ವ್ಯಾಪಾರದ ಕೋಠಿಗಳು ಮುರಿದುಬಿದ್ದು ಅಲ್ಲಿಟ್ಟಿದ್ದ ಮಿಷನಿನ ಹಣವು ಹೋಯಿತು. ಕಾಲೇಜಿನ ಉದ್ಯೋಗವೂ ನಿಂತಿತು. 1834ನೆಯ ಇಸವಿ ಜೂನ್ 9ರಂದು, ಬಂದ ಮೇಲೆ ಒಮ್ಮೆಯೂ ಸ್ವದೇಶಕ್ಕೆ ಹಿಂದಿರುಗದೆ, ಕೇರಿಯವರು ಸೆರಾಂಪುರದಲ್ಲಿ ನಿದ್ರೆಹೋದರು. ತಮ್ಮ ಸಮಾಧಿಯ ಮೇಲೆ ಹೊಗಳಿಕೆಯ ಮಾತೊಂದೂ ಇರಕೂಡದು, ತಾನು ಕೃಪೆಯನ್ನೇ ನೆಚ್ಚಿದ ಪಾಪಿಯೆಂಬುದು ಮಾತ್ರ ತಿಳಿಯಲಿ ಎಂದು ಅವರು ಮೊದಲೇ ಕಟ್ಟುಮಾಡಿದ್ದರು. ತನ್ನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಬೇಸರಪಡದೆ ಹೆಜ್ಜೆಯ ಮೇಲೆ ಹೆಜ್ಜೆಯಿಡುವವನು ಎಂದಷ್ಟೇ ಬರೆಯಲಿ, ಅದಕ್ಕಿಂತ ಹೆಚ್ಚಿನದು ಅತಿಶಯವೆಂದು ತಮ್ಮ ಅಣ್ಣತಮ್ಮಂದಿರ ಮಗನೊಬ್ಬನಿಗೂ ತಿಳಿಸಿದ್ದರು.

ವಾಚಕರೇ, ಈಗ ನಮ್ಮ ಪ್ರಶ್ನೆಗೆ ಬರೋಣ. ಕೇರಿಯವರು ಗೆದ್ದವರೆಂದು ಎಲ್ಲರೂ ಹೇಳುತ್ತಾರೆ. ಏಕೆಂದು ಕೇಳಿದರೆ, ಪುಸ್ತಕಗಳನ್ನೂ ಕಾಲೇಜನ್ನೂ ತೋರಿಸುತ್ತಾರೆ. ಆದರೆ 1799ರಲ್ಲಿ ಮುದ್ನಾಬಾಟಿಯ ಜ್ವರದಿಂದ ಅವರು ಸತ್ತಿದ್ದರೆ ಏನಾಗುತ್ತಿತ್ತು? ಒಬ್ಬ ಶಿಷ್ಯನಿಲ್ಲ, ಅಚ್ಚಾದ ವೇದದ ಒಂದು ಹಾಳೆಯಿಲ್ಲ, ಸತ್ತ ಮಗುವಿನ ಸಮಾಧಿ ಮತ್ತು ಚಿತ್ತ ಕೆಟ್ಟ ಹೆಂಡತಿ ಮಾತ್ರ. ಅವರ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ. ಆಗ ಕರ್ತನು ಅವರನ್ನು ಸೋತವನೆಂದು ತಳ್ಳಿಬಿಡುತ್ತಿದ್ದನೋ? ಇಲ್ಲ. ಕೃಷ್ಣಪಾಲನಿಗೆ ದೀಕ್ಷಾಸ್ನಾನ ಕೊಟ್ಟ ಕೇರಿಯವರೂ, ಸೊನ್ನೆಯನ್ನು ಬರೆದ ಕೇರಿಯವರೂ ದೇವರ ಕಣ್ಣಿಗೆ ಒಬ್ಬನೇ ದಾಸನು. ತಲಾಂತುಗಳ ಸಾಮ್ಯದಲ್ಲಿ ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನನು ಒಂದೇ ಬಗೆಯಾಗಿ ಮೆಚ್ಚಿ ಮಾತಾಡಿದನು. ಮೆಚ್ಚಿದ್ದು ಮೊತ್ತವನ್ನಲ್ಲ, ನಂಬಿಗಸ್ತಿಕೆಯನ್ನು. ಶಿಲುಬೆಯ ಮೇಲೆ ತೂಗುತ್ತಿದ್ದ ನಮ್ಮ ರಕ್ಷಕನನ್ನು ಆ ಶುಕ್ರವಾರ ಲೋಕದ ಕೋಲಿನಿಂದ ಅಳೆದವರು ಯಾವ ನಿರ್ಣಯಕ್ಕೆ ಬಂದರೆಂಬುದು ನಿಮಗೆ ತಿಳಿದೇ ಇದೆ.

ಇದನ್ನು ಕೇಳಿ ಯಾರೂ ಮೈಗಳ್ಳತನಕ್ಕೆ ನೆವ ಮಾಡಿಕೊಳ್ಳಬಾರದು. ತಲಾಂತನ್ನು ಹೂಳಿಟ್ಟವನದೂ ಸೊನ್ನೆಯೇ. ಉತ್ತು ಬಿತ್ತಿ ಮಳೆ ಕಾಣದವನದೂ ಸೊನ್ನೆಯೇ. ಕಾಗದದ ಮೇಲೆ ಎರಡೂ ಒಂದೇ ಆಕಾರ. ಅವುಗಳ ಭೇದವನ್ನು ದೇವರು ಬಲ್ಲನು, ನಮ್ಮ ಮನಸ್ಸಾಕ್ಷಿಯೂ ಬಲ್ಲದು. ಕೇರಿಯವರು ಸೊನ್ನೆಯ ವರುಷಗಳಲ್ಲಿ ಸುಮ್ಮನೆ ಕೂತವರಲ್ಲ. ಆ ವರುಷಗಳಲ್ಲಿ ಬರೆದ ಹಾಳೆಗಳೇ 1801ರ ಪುಸ್ತಕವಾದವು.

ನಮ್ಮ ವಿಷಯವನ್ನು ಹೇಳುವುದಾದರೆ, ನಾವು ಆ ಹಳ್ಳಿಯಿಂದ ಬೇರೆ ಊರಿಗೆ ವರ್ಗವಾದೆವು. ಅಲ್ಲಿ ಬರೆದ ಸೊನ್ನೆಗಳು ಸೊನ್ನೆಗಳಾಗಿಯೇ ಉಳಿದವು. ಅವುಗಳಲ್ಲಿ ಎಷ್ಟು ನಮ್ಮ ಆಲಸ್ಯದ್ದು, ಎಷ್ಟು ದೇವರ ಕಾಲವು ಬಾರದ್ದರದ್ದು ಎಂಬುದನ್ನು ಆ ರಾತ್ರಿ ದೀಪದ ಮುಂದೆ ಆತನಿಗೆ ಒಪ್ಪಿಸಿದೆವು. ಮರುದಿನ ಬೆಳಿಗ್ಗೆ ಎಂದಿನಂತೆ ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟೆವು. ಬೆಳೆ ಹೋದ ರೈತನೇ, ಮಗನ ಸೋಲಿನಿಂದ ಕುಗ್ಗಿದ ತಂದೆಯೇ, ಯಾರೂ ಕಾಣದ ಹಾಗೆ ರೋಗಿಯ ಹಾಸಿಗೆಯ ಬಳಿ ವರುಷಗಳನ್ನು ಕಳೆಯುತ್ತಿರುವ ತಾಯಿಯೇ, ಈ ದಿನ ನಿಮಗೆ ಒಪ್ಪಿಸಿದ ಒಂದು ಹೆಜ್ಜೆಯನ್ನು ಇಡಿರಿ. ರಾಶಿಯನ್ನು ಅಳೆಯುವವನು ಬೇರೆ ಇದ್ದಾನೆ. ಆತನ ಕೋಲು ನಮ್ಮ ಕೋಲಲ್ಲ. ಆತನಿಗೇ ಮಹಿಮೆಯಾಗಲಿ. ಆಮೆನ್.